ಸಹಭೋಜನಕ್ಕೆ ಒಯ್ಯುವ ಬುತ್ತಿ: ಹಿಂದಿನ ದಿನವೇ ಮುಗಿಯುವ ಅಡುಗೆಗಳು

ಹಬ್ಬದ ಭಾನುವಾರ ಚರ್ಚಿನ ಗಂಟೆ ಬಾರಿಸುವ ಹೊತ್ತಿಗೆ ಮನೆಮಂದಿಯೆಲ್ಲ ಹೊರಟು ನಿಂತಿರುತ್ತಾರೆ. ಒಬ್ಬರು ಮಾತ್ರ ಇನ್ನೂ ಒಲೆಯ ಮುಂದೆ ಇರುತ್ತಾರೆ. "ನೀವು ಹೋಗಿರಿ, ಇದೊಂದು ಕುದಿ ಬಂದರೆ ಬಂದೆ" ಎಂಬ ಮಾತು ಒಳಗಿನಿಂದ ಕೇಳುತ್ತದೆ. ಆ ಕುದಿ ಬರುವಷ್ಟರಲ್ಲಿ ಪ್ರಬೋಧನೆ ಮುಗಿದಿರುತ್ತದೆ. ಪಾತ್ರೆಯನ್ನು ಹೊತ್ತು ಏದುಸಿರು ಬಿಡುತ್ತ ಚರ್ಚಿನ ಬಾಗಿಲಿಗೆ ಬಂದವರಿಗೆ ಪೂಜೆಯ ಕೊನೆಯ ಗೀತೆಯಷ್ಟೇ ದಕ್ಕುತ್ತದೆ. ಎಲ್ಲರೂ ಕೂಡಿ ಉಣ್ಣಲೆಂದು ಏರ್ಪಡಿಸಿದ ಊಟಕ್ಕಾಗಿ ಒಬ್ಬರು ಎಲ್ಲರಿಂದ ಹೊರಗುಳಿಯುವುದು ಸಹಭೋಜನದ ದೊಡ್ಡ ವಿಪರ್ಯಾಸ.

ಪ್ರತಿ ಮನೆಯಿಂದ ಒಂದೊಂದು ಪದಾರ್ಥ ತಂದು ಹಂಚಿಕೊಂಡು ಉಣ್ಣುವ ಈ ಪದ್ಧತಿಯನ್ನು ಪೇಟೆಯವರು ಪಾಟ್‌ಲಕ್ ಎಂದು ಕರೆಯುತ್ತಾರೆ. ಮಲೆನಾಡಿಗೆ ಹೆಸರು ಹೊಸದಿರಬಹುದು, ಪದ್ಧತಿ ಹೊಸದಲ್ಲ. ಸಾಗರ ಸೀಮೆಯ ದೀವರ ಮನೆಗಳಲ್ಲಿ ಭೂಮಿ ಹುಣ್ಣಿಮೆಯಂದು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅಡುಗೆಯನ್ನು ಗದ್ದೆಗೆ ಒಯ್ಯುವ ಸಂಪ್ರದಾಯ ಇಂದಿಗೂ ಉಳಿದಿದೆ. ಆ ಅಡುಗೆ ಸಿದ್ಧವಾಗುವುದು ರಾತ್ರಿಯಲ್ಲಿ. ಬೆಳಗಾಗುವ ಹೊತ್ತಿಗೆ ಬುಟ್ಟಿ ತುಂಬಿರಬೇಕು. ದೂರ ಒಯ್ಯುವ ಊಟವನ್ನು ಮುಂಚಿತವಾಗಿಯೇ ಮಾಡಿಡಬೇಕು, ಮಾಡಿಟ್ಟದ್ದು ಕೆಡಬಾರದು ಎಂಬ ತಿಳಿವಳಿಕೆ ಈ ನೆಲದಲ್ಲಿ ಮೊದಲಿನಿಂದಲೂ ಇದೆ. ಚರ್ಚಿನ ಸಹಭೋಜನಕ್ಕೂ ಇದೇ ತಿಳಿವಳಿಕೆಯನ್ನು ಅನ್ವಯಿಸಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಲವು ನಾಡುಗಳ ಅಡುಗೆ ಸೇರಿದ ಊರು

ಕಾರ್ಗಲ್ ಮೂಲತಃ ಕಾಡಿನ ನಡುವಿನ ಸಣ್ಣ ಊರು. ಶರಾವತಿ ಕಣಿವೆಯ ಜಲವಿದ್ಯುತ್ ಯೋಜನೆ ಕೈಗೆತ್ತಿಕೊಂಡು, 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದು ನಿಂತಾಗ ಅದರ ಸ್ವರೂಪವೇ ಬದಲಾಯಿತು. ಮುಳುಗಡೆಯಿಂದ ಸಾವಿರಾರು ಕುಟುಂಬಗಳು ಮನೆ-ಮಠ ಕಳೆದುಕೊಂಡು ಚದುರಿಹೋದವು. ಅದೇ ಕಾಲದಲ್ಲಿ ಕಲ್ಲು ಒಡೆಯಲು, ಕಾಂಕ್ರೀಟ್ ಹಾಕಲು, ಯಂತ್ರ ನಡೆಸಲು ಬೇರೆ ಬೇರೆ ಕಡೆಯ ಜನರು ಇಲ್ಲಿಗೆ ಬಂದರು. ಕರಾವಳಿಯ ಕೊಂಕಣಿ ಮಾತನಾಡುವವರು, ಕೇರಳದವರು, ತಮಿಳುನಾಡಿನವರು, ಬಯಲುಸೀಮೆಯವರು ಒಂದೇ ಕಾಲನಿಯ ಸಾಲುಮನೆಗಳಲ್ಲಿ ನೆರೆಹೊರೆಯವರಾದರು. ಕೆಲಸ ಮುಗಿದ ಮೇಲೆ ಅನೇಕರು ಮರಳಿ ಹೋದರು; ಕೆಲವರು ಇಲ್ಲಿಯವರೇ ಆಗಿ ಉಳಿದರು.

ಇಂತಹ ಊರಿನ ಚರ್ಚಿನಲ್ಲಿ ಸಹಭೋಜನವೆಂದರೆ ಹಲವು ಅಡುಗೆಮನೆಗಳ ಸಂಗಮವೇ ಸರಿ. ಮಂಗಳೂರು ಕಡೆಯವರ ಸನ್ನ ಮತ್ತು ಬಫಾತ್, ಕೇರಳದವರ ಅಪ್ಪ, ತಮಿಳರ ಪುಳಿಸಾದ, ಮಲೆನಾಡಿನ ಕಡುಬು ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ ಒಂದೇ ಮೇಜಿನ ಮೇಲೆ ಕೂಡುತ್ತವೆ. ಕ್ರಿಸ್‌ಮಸ್ ಕಾಲದಲ್ಲಿ ಎಣ್ಣೆಯಲ್ಲಿ ಅಚ್ಚು ಅದ್ದಿ ಕರಿಯುವ ಹೂವಿನಾಕಾರದ ತಿಂಡಿಯನ್ನು ಒಬ್ಬರು ಕೊಕ್ಕಿಸಾಂ ಎಂದರೆ, ಇನ್ನೊಬ್ಬರು ಅಚ್ಚಪ್ಪಂ ಎನ್ನುತ್ತಾರೆ, ಮತ್ತೊಬ್ಬರು ಅಚ್ಚು ಮುರುಕು ಎನ್ನುತ್ತಾರೆ. ಹೆಸರು ಬೇರೆ, ರುಚಿ ಒಂದೇ.

ಚರ್ಚಿನ ಆವರಣದಲ್ಲಿ ಕೂಡಿ ಉಣ್ಣುವುದಕ್ಕೆ ಇನ್ನೊಂದು ಹಿನ್ನೆಲೆಯೂ ಇದೆ. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದಲೇ ನೀರನ್ನೂ ಮುಟ್ಟದೆ ಉಪವಾಸವಿರಬೇಕೆಂಬ ನಿಯಮ ಕಥೋಲಿಕ ಸಭೆಯಲ್ಲಿ ಬಹುಕಾಲ ಇತ್ತು. 1953ರಲ್ಲಿ ಅದು ಸಡಿಲಗೊಂಡಿತು. 1957ರಲ್ಲಿ ಮೂರು ಗಂಟೆಗೆ, 1964ರಲ್ಲಿ ಒಂದು ಗಂಟೆಗೆ ಇಳಿಯಿತು. ಹಳೆಯ ನಿಯಮದ ಕಾಲದಲ್ಲಿ ದೂರದಿಂದ ನಡೆದು ಬಂದವರಿಗೆ ಪೂಜೆಯ ನಂತರದ ತುತ್ತು ಸಂಭ್ರಮಕ್ಕಿಂತ ಹೆಚ್ಚಾಗಿ ಅಗತ್ಯವೇ ಆಗಿತ್ತು.

ಕೊರಿಂಥದ ಊಟದ ಪಾಠ

ಸಹಭೋಜನದಲ್ಲಿ ಎಡವಟ್ಟುಗಳಾಗುವುದು ಇಂದು ನಿನ್ನೆಯ ಸಂಗತಿಯಲ್ಲ. ಒಂದನೆಯ ಶತಮಾನದ ಮಧ್ಯಭಾಗದಲ್ಲಿ ಸಂತ ಪೌಲರು ಗ್ರೀಸ್ ದೇಶದ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯದಲ್ಲಿ ಇದರ ಬಗ್ಗೆಯೇ ಕಟುವಾದ ಮಾತುಗಳಿವೆ. ಅಲ್ಲಿನ ಸಭೆ ಕೂಡಿದಾಗ ಕೆಲವರು ತಮ್ಮ ತಮ್ಮ ಊಟವನ್ನು ಮೊದಲೇ ಮುಗಿಸುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಇಲ್ಲದವರನ್ನು ನಾಚಿಸುವ ಊಟ ಪ್ರಭುವಿನ ಭೋಜನವಾಗಲಾರದು, ಒಬ್ಬರಿಗಾಗಿ ಒಬ್ಬರು ಕಾದುಕೊಂಡಿರಬೇಕು ಎಂಬುದು ಪೌಲರ ಉಪದೇಶದ ಸಾರ.

ಈ ಉಪದೇಶವನ್ನು ಅಡುಗೆಯ ಭಾಷೆಗೆ ಇಳಿಸಿದರೆ ಸಿಗುವ ಸೂತ್ರ ಒಂದೇ: ಕಾಯಬಲ್ಲ ಅಡುಗೆಯನ್ನೇ ತರಬೇಕು. ಬಿಸಿಯಿದ್ದಾಗಷ್ಟೇ ರುಚಿಸುವ ಪದಾರ್ಥ ಜನರನ್ನು ಅವಸರಪಡಿಸುತ್ತದೆ. ತಡವಾಗಿ ಬಂದವರ ಪಾಲಿಗೆ ಅದು ತಣ್ಣಗಾಗಿ ಸಪ್ಪೆಯಾಗಿರುತ್ತದೆ. ಕಾಯುವುದರಿಂದ ಕೆಡದ, ಸಾಧ್ಯವಾದರೆ ಕಾದಷ್ಟೂ ರುಚಿಯೇರುವ ಪದಾರ್ಥ ಮೊದಲ ಪಂಕ್ತಿಗೂ ಕೊನೆಯ ಪಂಕ್ತಿಗೂ ಒಂದೇ ಆಗಿರುತ್ತದೆ. ಮಾಡಿದವರೂ ನಿಶ್ಚಿಂತೆಯಿಂದ ಪೂಜೆಯಲ್ಲಿ ಕುಳಿತಿರಬಹುದು.

ಕಾಯಬಲ್ಲ ಅಡುಗೆಯ ಗುಣ

ಯಾವ ಅಡುಗೆ ಕಾಯುತ್ತದೆ ಎಂಬುದನ್ನು ನಮ್ಮ ಹಿರಿಯರು ಅನುಭವದಿಂದ ಬಲ್ಲವರಾಗಿದ್ದರು. ಹುಳಿ ಹೆಚ್ಚಿದ್ದರೆ, ನೀರು ಕಡಿಮೆಯಿದ್ದರೆ, ಸಕ್ಕರೆ ಅಥವಾ ಬೆಲ್ಲದ ಪಾಕ ಗಟ್ಟಿಯಿದ್ದರೆ ಪದಾರ್ಥ ಉಳಿಯುತ್ತದೆ. ಕಾರಣ ಸರಳ. ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳಿಗೆ ಬೆಳೆಯಲು ನೀರು, ಹದವಾದ ಬೆಚ್ಚಗೆ ಮತ್ತು ಹುಳಿಯಿಲ್ಲದ ವಾತಾವರಣ ಬೇಕು. ಹುಣಸೆಹಣ್ಣು ಮತ್ತು ವಿನೆಗರ್ ಹುಳಿಯಿಂದ ಅವನ್ನು ತಡೆಯುತ್ತವೆ. ಹುರಿಯುವುದು ಮತ್ತು ಬತ್ತಿಸುವುದು ನೀರನ್ನು ಕಳೆಯುತ್ತವೆ. ಉಪ್ಪು ಮತ್ತು ಬೆಲ್ಲ ಉಳಿದ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ.

ಇದಕ್ಕೆ ವ್ಯತಿರಿಕ್ತವಾಗಿ ಹಸಿ ತೆಂಗಿನಕಾಯಿ ಅರೆದ ಸಾಂಬಾರು, ಕಾಯಿಹಾಲಿನ ಪದಾರ್ಥ, ಹಾಲಿನ ಪಾಯಸ, ಬೇಯಿಸಿದ ಆಲೂಗೆಡ್ಡೆಯ ಪಲ್ಯ ಮತ್ತು ಬಿಳಿ ಅನ್ನ ಬೇಗನೆ ಕೆಡುವಂತಹವು. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶರಾವತಿ ಕಣಿವೆಯ ಗಾಳಿಯಲ್ಲಿ ಸದಾ ತೇವ. ಬೆಳಿಗ್ಗೆ ಗರಿಗರಿಯಾಗಿದ್ದ ಬೋಂಡ, ವಡೆ, ಹಪ್ಪಳಗಳು ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆಯಂತಾಗುತ್ತವೆ. ಕರಿದ ತಿಂಡಿಯನ್ನು ಬೇಸಿಗೆಗೆ ಮತ್ತು ಚಳಿಗಾಲಕ್ಕೆ ಮೀಸಲಿಡುವುದು ಲೇಸು.

ಮೂರು ದಿನ ಮುಂಚೆ: ಪುಳಿಯೋಗರೆ ಗೊಜ್ಜು

ಸಹಭೋಜನಕ್ಕೆ ಅನ್ನದ ಪದಾರ್ಥ ಒಯ್ಯುವವರಿಗೆ ಪುಳಿಯೋಗರೆಗಿಂತ ವಿಶ್ವಾಸಾರ್ಹವಾದುದು ಇನ್ನೊಂದಿಲ್ಲ. ಶ್ರಮದ ಭಾಗವಾದ ಗೊಜ್ಜನ್ನು ಗುರುವಾರವೇ ಮಾಡಿಡಬಹುದು.

ಒಂದು ಕಿಲೋ ಅಕ್ಕಿಯ ಅನ್ನಕ್ಕೆ ಸುಮಾರು 150 ಗ್ರಾಂ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ ಗಟ್ಟಿಯಾಗಿ ರಸ ತೆಗೆಯಬೇಕು. 20 ಒಣಮೆಣಸಿನಕಾಯಿ, 4 ಚಮಚ ಕೊತ್ತಂಬರಿ ಬೀಜ, 1 ಚಮಚ ಮೆಂತ್ಯ, 1 ಚಮಚ ಕಾಳುಮೆಣಸು, 4 ಚಮಚ ಎಳ್ಳು, ಇವನ್ನು ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿಕೊಳ್ಳಬೇಕು. ದಪ್ಪ ತಳದ ಪಾತ್ರೆಯಲ್ಲಿ ಒಂದು ಬಟ್ಟಲು ಎಣ್ಣೆ ಕಾಯಿಸಿ ಸಾಸಿವೆ, ಕಡಲೆಬೇಳೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಹುಣಸೆ ರಸ, 100 ಗ್ರಾಂ ಬೆಲ್ಲ, ಅರಿಸಿನ, ಉಪ್ಪು ಸೇರಿಸಿ ಕುದಿಸಬೇಕು. ರಸ ಅರ್ಧಕ್ಕೆ ಇಳಿದ ಮೇಲೆ ಪುಡಿ ಬೆರೆಸಿ, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಬತ್ತಿಸಬೇಕು. ಎಣ್ಣೆ ಬಿಡುವುದೇ ನೀರು ಆರಿದೆ ಎಂಬುದರ ಗುರುತು. ಅದಕ್ಕೆ ಮುಂಚೆ ಇಳಿಸಿದ ಗೊಜ್ಜು ಬಾಳಿಕೆ ಬರುವುದಿಲ್ಲ. ಆರಿದ ಮೇಲೆ ಒಣಗಿದ ಗಾಜಿನ ಶೀಸೆಯಲ್ಲಿಟ್ಟರೆ ವಾರವಾದರೂ ಕೆಡದು. ಇದನ್ನು ಅಲ್ಯೂಮಿನಿಯಂ ಅಥವಾ ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಾಡಬಾರದು. ಹುಳಿಯು ಲೋಹವನ್ನು ಕರಗಿಸಿ ಅಡುಗೆಗೆ ಸೇರಿಸುತ್ತದೆ.

ಅನ್ನವನ್ನು ಮಾತ್ರ ಭಾನುವಾರ ಬೆಳಿಗ್ಗೆಯೇ ಮಾಡಬೇಕು. ಉದುರುದುರಾಗಿ ಬೆಂದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಗೊಜ್ಜನ್ನು ಪ್ರತಿ ಅಗುಳಿಗೂ ತಾಗುವಂತೆ ಕಲಸಿ, ಹುರಿದ ಕಡಲೆಕಾಯಿ ಬೀಜ ಸೇರಿಸಿದರೆ ಮುಗಿಯಿತು. ಬೆಳಗಿನ ಕೆಲಸ ಮುಕ್ಕಾಲು ಗಂಟೆಯದು ಮಾತ್ರ.

ಅನ್ನದ ವಿಷಯದಲ್ಲಿ ಎಚ್ಚರ

ಅನ್ನವನ್ನು ಹಿಂದಿನ ರಾತ್ರಿಯೇ ಮಾಡಿಟ್ಟರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಸಹಭೋಜನದ ನಂತರ ವಾಂತಿ-ಭೇದಿ ಕಾಣಿಸಿಕೊಂಡರೆ ಜನರು ಸಾಮಾನ್ಯವಾಗಿ ಮಾಂಸದತ್ತ ಬೆರಳು ತೋರಿಸುತ್ತಾರೆ. ಆದರೆ ನಿರಪರಾಧಿಯಂತೆ ಕಾಣುವ ಅನ್ನವೂ ಅಷ್ಟೇ ಅಪಾಯಕಾರಿಯಾಗಬಲ್ಲದು. ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಅಕ್ಕಿಯಲ್ಲಿ ಸಹಜವಾಗಿಯೇ ಇರುತ್ತವೆ. ಅನ್ನ ಬೇಯುವ ಶಾಖಕ್ಕೆ ಅವು ಸಾಯುವುದಿಲ್ಲ. ಮುಚ್ಚಿಟ್ಟ ದೊಡ್ಡ ಪಾತ್ರೆಯಲ್ಲಿ ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗಿದ್ದರೆ ಅವು ಮೊಳೆತು, ಬೆಳೆದು ವಿಷವನ್ನು ಉಂಟುಮಾಡುತ್ತವೆ. ವಾಂತಿಗೆ ಕಾರಣವಾಗುವ ಆ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. "ಚೆನ್ನಾಗಿ ಬಿಸಿ ಮಾಡಿದ್ದೆವಲ್ಲ" ಎಂಬ ಸಮಾಧಾನ ಇಲ್ಲಿ ಸಲ್ಲದು.

ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಆಹಾರಕ್ಕಾಗಿ ಐದು ಸೂತ್ರಗಳನ್ನು 2001ರಲ್ಲಿ ಪ್ರಕಟಿಸಿತು: ಶುಚಿತ್ವ ಕಾಪಾಡುವುದು, ಹಸಿಯದನ್ನು ಬೆಂದದ್ದರಿಂದ ಬೇರೆ ಇಡುವುದು, ಪೂರ್ತಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿ ಇಡುವುದು, ಶುದ್ಧ ನೀರು ಮತ್ತು ಸಾಮಗ್ರಿ ಬಳಸುವುದು. ಈ ಪೈಕಿ ಸಹಭೋಜನಗಳಲ್ಲಿ ಹೆಚ್ಚಾಗಿ ತಪ್ಪುವುದು ನಾಲ್ಕನೆಯದು. ಬೆಂದ ಆಹಾರವು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿಯಾಗಿರಬೇಕು, ಇಲ್ಲವೇ 5 ಡಿಗ್ರಿಗಿಂತ ಕೆಳಗೆ ತಣ್ಣಗಿರಬೇಕು. ಇವೆರಡರ ನಡುವೆ ಎರಡು ಗಂಟೆಗಿಂತ ಹೆಚ್ಚು ಕಾಲ ಇಡಬಾರದು ಎಂಬುದು ಸಾಮಾನ್ಯ ನಿಯಮ. ಹುಳಿ ಚೆನ್ನಾಗಿ ಹಿಡಿದ ಅನ್ನವು ಸಪ್ಪೆ ಅನ್ನಕ್ಕಿಂತ ಹೆಚ್ಚು ಹೊತ್ತು ತಾಳುತ್ತದೆ ಎಂಬುದು ನಿಜ. ಆದರೂ ಬೆಳಿಗ್ಗೆ ಕಲಸಿದ್ದನ್ನು ಮಧ್ಯಾಹ್ನದಲ್ಲಿಯೇ ಮುಗಿಸಬೇಕು, ಉಳಿದದ್ದನ್ನು ರಾತ್ರಿಗೆ ಇಡಬಾರದು.

ಹಿಂದಿನ ಸಂಜೆ: ಬಫಾತ್

ಮಾಂಸದ ಪದಾರ್ಥ ಒಯ್ಯುವವರಿಗೆ ಕರಾವಳಿಯ ಕಥೋಲಿಕರ ಹಂದಿ ಮಾಂಸದ ಬಫಾತ್ ಹೇಳಿ ಮಾಡಿಸಿದಂತಿದೆ. ಮಾಡಿದ ದಿನಕ್ಕಿಂತ ಮರುದಿನ ಅದರ ರುಚಿ ಹೆಚ್ಚು ಎಂಬುದನ್ನು ಉಂಡವರೆಲ್ಲ ಬಲ್ಲರು. ಮಸಾಲೆ ಮತ್ತು ಹುಳಿ ಮಾಂಸದ ಒಳಗಿಳಿಯಲು ಒಂದು ರಾತ್ರಿಯ ಕಾಲಾವಕಾಶ ಬೇಕು.

ಒಂದು ಕಿಲೋ ಮಾಂಸಕ್ಕೆ 4 ದೊಡ್ಡ ಚಮಚ ಬಫಾತ್ ಪುಡಿ, 3 ಈರುಳ್ಳಿ, 5 ಹಸಿಮೆಣಸಿನಕಾಯಿ, ಎರಡು ಅಂಗುಲ ಶುಂಠಿ, ಒಂದು ಗಡ್ಡೆ ಬೆಳ್ಳುಳ್ಳಿ, 2 ದೊಡ್ಡ ಚಮಚ ವಿನೆಗರ್ ಅಥವಾ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು ಸಾಕು. ಎಲ್ಲವನ್ನೂ ಮಾಂಸಕ್ಕೆ ಕಲಸಿ ಅರ್ಧ ಗಂಟೆ ಇಟ್ಟು, ಸ್ವಲ್ಪವೇ ನೀರು ಹಾಕಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಬೇಕು. ಪ್ರತ್ಯೇಕವಾಗಿ ಎಣ್ಣೆ ಬೇಡ. ಕೊಬ್ಬು ಕರಗಿ ತಾನೇ ಎಣ್ಣೆಯಾಗುತ್ತದೆ. ಹಂದಿ ಮಾಂಸ ಒಳಗೆ ಕೆಂಪು ಉಳಿಯದಂತೆ ಪೂರ್ತಿ ಬೇಯಲೇಬೇಕು.

ಬೆಂದ ನಂತರದ ಎರಡು ಗಂಟೆಗಳು ಮುಖ್ಯ. ದೊಡ್ಡ ಪಾತ್ರೆಯಲ್ಲಿ ಹಾಗೆಯೇ ಮುಚ್ಚಿಟ್ಟರೆ ನಡುಭಾಗ ನಡುರಾತ್ರಿಯವರೆಗೂ ಬೆಚ್ಚಗೇ ಇರುತ್ತದೆ. ಮಾಂಸದ ಸಾರಿನಲ್ಲಿ ರೋಗಾಣುಗಳು ಬೆಳೆಯುವುದು ಆ ಬೆಚ್ಚನೆಯಲ್ಲಿಯೇ. ಆದ್ದರಿಂದ ಪದಾರ್ಥವನ್ನು ಎರಡು ಮೂರು ಅಗಲ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೋಗುಣಿಯಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಬೇಕಾದಷ್ಟು ತೆಗೆದುಹಾಕಿ, ಕೊತಕೊತ ಕುದಿಸಿ, ಬಿಸಿಯಾಗಿಯೇ ಹಾಟ್‌ಬಾಕ್ಸಿಗೆ ತುಂಬಬೇಕು. ಬಿಸಿ ಮಾಡುವುದು ಒಮ್ಮೆ ಮಾತ್ರ. ಮತ್ತೆ ಮತ್ತೆ ಆರಿಸಿ ಬಿಸಿ ಮಾಡುವುದು ಸಲ್ಲದು. ಫ್ರಿಜ್ಜಿಲ್ಲದ ಮನೆಯವರು ಮಾಂಸದ ಜವಾಬ್ದಾರಿಯನ್ನು ಬೇರೆಯವರಿಗೆ ಬಿಟ್ಟು ಪುಳಿಯೋಗರೆ, ಸಿಹಿ ಅಥವಾ ಉಪ್ಪಿನಕಾಯಿಯನ್ನು ಆರಿಸಿಕೊಳ್ಳುವುದು ಉತ್ತಮ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸಕ್ಕೆ ಅವಕಾಶವಿಲ್ಲ. ಸೆಪ್ಟೆಂಬರ್ 8ರ ಮಾತೆ ಮರಿಯಮ್ಮನವರ ಜನ್ಮದಿನದ ತೆನೆ ಹಬ್ಬದಲ್ಲಿಯೂ, ಅಂದರೆ ಮೊಂತಿ ಫೆಸ್ತ್‌ನಲ್ಲಿ, ಕರಾವಳಿ ಮೂಲದ ಕುಟುಂಬಗಳು ಹೊಸ ತೆನೆಯ ಅಕ್ಕಿಯೊಂದಿಗೆ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳ ಸಸ್ಯಾಹಾರವನ್ನೇ ಉಣ್ಣುತ್ತವೆ. ಅಂತಹ ದಿನಗಳಿಗೆ ಕಪ್ಪು ಕಡಲೆಯ ಸುಕ್ಕ ಸೂಕ್ತ. ರಾತ್ರಿ ನೆನೆಹಾಕಿದ ಅರ್ಧ ಕಿಲೋ ಕಡಲೆಯನ್ನು ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಮುಂಚೆಯೇ ಹುರಿದು ಪುಡಿ ಮಾಡಿಟ್ಟ ಮಸಾಲೆಯೊಂದಿಗೆ ಒಗ್ಗರಣೆಯಲ್ಲಿ ಬಾಡಿಸಿದರೆ ಅರ್ಧ ಗಂಟೆಯ ಕೆಲಸ. ತೆಂಗಿನ ತುರಿಯನ್ನು ಹಸಿಯಾಗಿ ಹಾಕದೆ ಕೆಂಪಗೆ ಹುರಿದು ಹಾಕಬೇಕು.

ಉಗಿಯ ಅಡುಗೆ: ಸನ್ನ ಮತ್ತು ಪತ್ರೊಡೆ

ಬಫಾತ್‌ಗೆ ಜೊತೆಗಾರ ಸನ್ನ. ಹಿಂದೆ ಶೇಂದಿ ಹಾಕಿ ಹುದುಗಿಸುತ್ತಿದ್ದ ಹಿಟ್ಟಿಗೆ ಈಗ ಹೆಚ್ಚಿನವರು ಯೀಸ್ಟ್ ಬಳಸುತ್ತಾರೆ. 4 ಪಾವು ಅಕ್ಕಿಗೆ 1 ಪಾವು ಉದ್ದು ನೆನೆಸಿ, ನುಣ್ಣಗೆ ಅರೆದು, ಒಂದು ಚಮಚ ಯೀಸ್ಟ್ ಮತ್ತು ಎರಡು ಚಮಚ ಸಕ್ಕರೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿ ಕಲಸಿ ಬೆರೆಸಬೇಕು. ಹಿಟ್ಟು ದುಪ್ಪಟ್ಟು ಉಬ್ಬಿದ ಮೇಲೆ ಉಪ್ಪು ಸೇರಿಸಿ ಬಟ್ಟಲುಗಳಲ್ಲಿ ಉಗಿಯಲ್ಲಿಡಬೇಕು.

ಕ್ರಿಸ್‌ಮಸ್ ಸಮಯದ ಮಲೆನಾಡಿನ ಚಳಿಗೆ ಹಿಟ್ಟು ಹುದುಗುವುದು ನಿಧಾನ. ಸಮತಟ್ಟು ಸೀಮೆಯ ಅಡುಗೆ ಪುಸ್ತಕಗಳಲ್ಲಿ ಬರೆದ ಗಂಟೆಗಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಿಟ್ಟಿನ ಪಾತ್ರೆಯನ್ನು ಸಂಜೆ ಬಚ್ಚಲೊಲೆಯ ಪಕ್ಕದಲ್ಲಿ, ಬೂದಿಯ ಬಿಸಿ ತಾಗುವಷ್ಟು ದೂರದಲ್ಲಿ ಇಡುವುದು ಹಳಬರ ಉಪಾಯ. ಅದಿಲ್ಲದವರು ಬಿಸಿನೀರಿನ ಬೋಗುಣಿಯಲ್ಲಿಟ್ಟು ಕಂಬಳಿ ಹೊದಿಸಬಹುದು. ಶನಿವಾರ ರಾತ್ರಿ ಬೇಯಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟ ಸನ್ನವನ್ನು ಬೆಳಿಗ್ಗೆ ಐದು ನಿಮಿಷ ಪುನಃ ಉಗಿಯಲ್ಲಿಟ್ಟರೆ ಮೆತ್ತಗಾಗುತ್ತದೆ. ಒಯ್ಯುವಾಗ ಬಾಡಿಸಿದ ಬಾಳೆಲೆ ಹಾಸಿದರೆ ಒಂದಕ್ಕೊಂದು ಅಂಟುವುದಿಲ್ಲ.

ಮಳೆಗಾಲದ ಸಹಭೋಜನಕ್ಕೆ ಪತ್ರೊಡೆ ಒಳ್ಳೆಯ ಆಯ್ಕೆ. 2 ಪಾವು ನೆನೆದ ಅಕ್ಕಿಯೊಂದಿಗೆ 10 ಒಣಮೆಣಸಿನಕಾಯಿ, 2 ಚಮಚ ಕೊತ್ತಂಬರಿ, ಅರ್ಧ ಹೋಳು ತೆಂಗಿನಕಾಯಿ, ಬೆಲ್ಲ, ಉಪ್ಪು, ಧಾರಾಳವಾಗಿ ಹುಣಸೆಹಣ್ಣು ಸೇರಿಸಿ ತರಿತರಿಯಾಗಿ ಗಟ್ಟಿಯಾಗಿ ಅರೆದು, ಕೆಸುವಿನ ಎಲೆಗಳ ಹಿಂಬದಿಗೆ ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಮುಕ್ಕಾಲು ಗಂಟೆ ಉಗಿಯಲ್ಲಿ ಬೇಯಿಸಬೇಕು. ಹುಣಸೆಹಣ್ಣು ಕಡಿಮೆಯಾದರೆ ಕೆಸು ಗಂಟಲು ಕೆರೆಯುತ್ತದೆ. ಇಲ್ಲಿ ಜಿಪುಣತನ ಕೂಡದು. ಬೆಂದ ಸುರುಳಿಗಳನ್ನು ಶನಿವಾರ ರಾತ್ರಿ ಆರಿಸಿ ಫ್ರಿಜ್ಜಿನಲ್ಲಿಡಬೇಕು. ಗಟ್ಟಿಯಾದ ಸುರುಳಿಯನ್ನು ಭಾನುವಾರ ಬೆಳಿಗ್ಗೆ ಬಿಲ್ಲೆಗಳಾಗಿ ಕತ್ತರಿಸಿ ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಬದಿ ಕೆಂಪಗಾಗುವಂತೆ ಬಿಸಿ ಮಾಡಿದರೆ ಆಯಿತು. ತಣ್ಣಗಾದರೂ ರುಚಿ ಕೆಡದು, ಕೈಯಲ್ಲಿ ಹಿಡಿದು ತಿನ್ನಬಹುದು, ತಟ್ಟೆ ಸಾಲದೆ ಹೋದರೂ ಚಿಂತೆಯಿಲ್ಲ.

ಸಿಹಿ ಮತ್ತು ಕೋಸಂಬರಿ

ಕ್ರಿಸ್‌ಮಸ್‌ಗೆ ಮಂಗಳೂರು ಕಡೆಯ ಕಥೋಲಿಕರು ಮಾಡುವ ಕುಸ್ವಾರ್ ಎಂಬ ತಿಂಡಿಗಳ ಸಮೂಹವೇ ಮುಂಚಿತವಾಗಿ ಮಾಡಿಡುವ ಅಡುಗೆಗೆ ಆದರ್ಶ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿಗಳಲ್ಲಿ ನೀರಿನಂಶ ಇಲ್ಲದಷ್ಟು ಕಡಿಮೆ. ಗಾಳಿಯಾಡದ ಡಬ್ಬಿಯಲ್ಲಿ ಅವು ವಾರಗಟ್ಟಲೆ ಉಳಿಯುತ್ತವೆ. ಇಡೀ ವರ್ಷ ನಡೆಯುವ ಸಿಹಿ ಬೇಕೆನ್ನುವವರಿಗೆ ಬಾಳೆಹಣ್ಣಿನ ಹಲ್ವ ಇದೆ. ಚೆನ್ನಾಗಿ ಕಳಿತ 10 ಬಾಳೆಹಣ್ಣನ್ನು ಕಿವುಚಿ, 300 ಗ್ರಾಂ ಬೆಲ್ಲ ಹಾಕಿ, 150 ಗ್ರಾಂ ತುಪ್ಪವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ ಮುಕ್ಕಾಲು ಗಂಟೆ ಮಗುಚಿದರೆ ತಳ ಬಿಡುತ್ತದೆ. ಏಲಕ್ಕಿ ಹಾಕಿ ತಟ್ಟೆಗೆ ಸುರಿದು ಮರುದಿನ ಕತ್ತರಿಸಬೇಕು. ಸಾಗರ ಸೀಮೆಯ ತೊಡದೇವು ಕೂಡ ಒಯ್ಯಲು ಹಗುರ, ಬಹುದಿನ ಬಾಳುವಂತಹುದು. ಆದರೆ ಬೋರಲು ಹಾಕಿದ ಮಡಕೆಯ ಮೇಲೆ ಕಾಗದದಷ್ಟು ತೆಳ್ಳಗೆ ಹಿಟ್ಟು ಎಳೆಯುವುದು ಒಂದು ದಿನದಲ್ಲಿ ಕೈಹಿಡಿಯುವ ವಿದ್ಯೆಯಲ್ಲ; ಬಲ್ಲವರಿಂದ ಕೊಂಡು ತರುವುದೇ ಸರಿ.

ಮೊಂತಿ ಫೆಸ್ತ್‌ನ ಹೆಸರುಬೇಳೆಯ ವೋರ್ನ್ ಸಿಹಿಯಾದರೂ ಕಾಯಿಹಾಲಿನದು. ಅದನ್ನು ಅಂದೇ ಮಾಡಿ ಅಂದೇ ಬಡಿಸಬೇಕು.

ಕೋಸಂಬರಿಯನ್ನು ಮನೆಯಲ್ಲಿಯೇ ಕಲಸಿ ತರುವುದು ಸಾಮಾನ್ಯ ತಪ್ಪು. ಉಪ್ಪು ತಾಗಿದೊಡನೆ ಸೌತೆಕಾಯಿ ನೀರು ಬಿಡುತ್ತದೆ. ಬೆಳಿಗ್ಗೆ ಒಂದು ಗಂಟೆ ನೆನೆಸಿ ಸೋಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತೆಂಗಿನ ತುರಿ, ನಿಂಬೆಹಣ್ಣು, ಉಪ್ಪು ಇವನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಒಯ್ದು ಬಡಿಸುವ ಮುನ್ನ ಕಲಸಬೇಕು. ಇದು ಬೇಯಿಸದ ಪದಾರ್ಥವಾದ್ದರಿಂದ ತೊಳೆಯಲು, ನೆನೆಸಲು ಕುದಿಸಿ ಆರಿಸಿದ ನೀರನ್ನೇ ಬಳಸಬೇಕು. ಮಳೆಗಾಲದಲ್ಲಿ ಬಾವಿಯ ನೀರು ಕಲಕಿರುತ್ತದೆ.

ಒಯ್ಯಬಾರದ ಪದಾರ್ಥಗಳ ಪೈಕಿ ಒಂದನ್ನು ವಿಶೇಷವಾಗಿ ಹೇಳಬೇಕು. ಮಳೆ ಬಿದ್ದೊಡನೆ ಕಾಡಿನಲ್ಲಿ ಏಳುವ ಅಣಬೆ ಮಲೆನಾಡಿಗರಿಗೆ ಪ್ರಿಯ. ಮನೆಯ ಮಟ್ಟಿಗೆ ಅದು ಅವರವರ ಅನುಭವಕ್ಕೆ ಬಿಟ್ಟ ವಿಚಾರ. ಆದರೆ ನೂರು ಜನ, ಮಕ್ಕಳು ಮುದುಕರೆನ್ನದೆ ಉಣ್ಣುವ ಮೇಜಿಗೆ ಕಾಡಿನ ಅಣಬೆಯನ್ನು ಖಂಡಿತ ತರಬಾರದು.

ಎಷ್ಟು ತರಬೇಕು, ಯಾರು ಏನು ತರಬೇಕು

ಪ್ರತಿಯೊಬ್ಬರೂ ಎಲ್ಲರಿಗೂ ಸಾಕಾಗುವಷ್ಟು ತರಬೇಕೆಂಬ ಭಾವನೆಯಿಂದಲೇ ಅಡುಗೆ ಹೊರೆಯಾಗುತ್ತದೆ, ಊಟ ದಂಡವಾಗುತ್ತದೆ. ಸಣ್ಣ ಲೆಕ್ಕವೊಂದನ್ನು ನೋಡಬಹುದು. 25 ಮನೆಗಳಿಂದ 100 ಜನ ಸೇರುವರೆಂದು ಭಾವಿಸೋಣ. ಹಲವು ಪದಾರ್ಥಗಳಿರುವಲ್ಲಿ ಒಬ್ಬರಿಗೆ 80 ಗ್ರಾಂ ಅಕ್ಕಿಯ ಪದಾರ್ಥ ಸಾಕು. ಅಂದರೆ ಒಟ್ಟು 8 ಕಿಲೋ. 8 ಮನೆಗಳು ತಲಾ ಒಂದು ಕಿಲೋ ಅಕ್ಕಿಯ ಪದಾರ್ಥ ತಂದರೆ ಮುಗಿಯಿತು. 6 ಮನೆಗಳಿಂದ ತಲಾ ಒಂದು ಕಿಲೋ ಮಾಂಸದ ಪದಾರ್ಥ, 5 ಮನೆಗಳಿಂದ ತರಕಾರಿ ಅಥವಾ ಕಾಳಿನ ಪದಾರ್ಥ, 3 ಮನೆಗಳಿಂದ ಸಿಹಿ, ಉಳಿದ 3 ಮನೆಗಳಿಂದ ಕೋಸಂಬರಿ, ಉಪ್ಪಿನಕಾಯಿ, ಮಜ್ಜಿಗೆ ಬಂದರೆ ಮೇಜು ತುಂಬುತ್ತದೆ. ಹಿಂದಿನ ಭಾನುವಾರವೇ ಒಬ್ಬರು ಈ ಪಟ್ಟಿಯನ್ನು ಬರೆದುಕೊಂಡರೆ ಹತ್ತು ಮನೆಯಿಂದ ಚಿತ್ರಾನ್ನವೇ ಬರುವ ಪ್ರಸಂಗ ತಪ್ಪುತ್ತದೆ.

ಪಟ್ಟಿ ಮಾಡುವವರು ಒಂದು ಸೂಕ್ಷ್ಮವನ್ನು ಮರೆಯಬಾರದು. ತಿಂಗಳ ಕೊನೆಯಲ್ಲಿ ಒಂದು ಕಿಲೋ ಮಾಂಸ ಕೊಳ್ಳಲಾಗದ ಮನೆಗಳಿರುತ್ತವೆ. ಒಬ್ಬಂಟಿ ಹಿರಿಯರು, ಪಾಳಿ ಕೆಲಸ ಮುಗಿಸಿ ನೇರವಾಗಿ ಬರುವವರು ಇರುತ್ತಾರೆ. ಬರಿಗೈಯಲ್ಲಿ ಹೋಗುವುದೆಂತು ಎಂಬ ಸಂಕೋಚಕ್ಕೆ ಅಂತಹವರು ಪೂಜೆ ಮುಗಿದೊಡನೆ ಹಿಂದಿನ ಬಾಗಿಲಿನಿಂದ ಮನೆಗೆ ಹೊರಟುಬಿಡುತ್ತಾರೆ. ಕೊರಿಂಥದಲ್ಲಿ ಪೌಲರು ಖಂಡಿಸಿದ್ದು ಇದನ್ನೇ. ಹಿತ್ತಲಿನ ಒಂದು ಹೊರೆ ಬಾಳೆಲೆ, ಕುಡಿಯುವ ನೀರು, ಒಂದು ಚಿಪ್ಪು ಬಾಳೆಹಣ್ಣು, ವರ್ಷದ ಹಿಂದೆ ಹಾಕಿದ ಅಪ್ಪೆಮಿಡಿಯ ಒಂದು ಬಟ್ಟಲು, ಇವೂ ಪಟ್ಟಿಯಲ್ಲಿ ಬಫಾತ್‌ನ ಸಮಸಮಕ್ಕೆ ಇರಬೇಕು. ತಟ್ಟೆ ತೊಳೆಯುವುದು ಕೂಡ ಒಂದು ಮನೆಯ ಪಾಲೆಂದು ಬರೆದುಕೊಳ್ಳಬಹುದು. ಅದಕ್ಕೆ ಗಂಡಸರ ಹೆಸರನ್ನೇ ಮೊದಲು ಬರೆಯುವುದು ಒಳ್ಳೆಯದು.

ಮೇಜಿನ ಮೇಲೆ ಸಸ್ಯಾಹಾರ ಒಂದು ಬದಿ, ಮಾಂಸಾಹಾರ ಇನ್ನೊಂದು ಬದಿ ಇರಲಿ. ಹಂದಿ, ಕೋಳಿ, ಮೀನು ಯಾವುದೆಂದು ಚೀಟಿ ಬರೆದಿಟ್ಟರೆ ಯಾರೂ ಕೇಳಿ ಮುಜುಗರಪಡಬೇಕಾಗಿಲ್ಲ. ಪ್ರತಿ ಪಾತ್ರೆಗೂ ಅದರದೇ ಸೌಟು ಬೇಕು. ಕಡಲೆಕಾಯಿ, ಎಳ್ಳು ಹಾಕಿದ್ದರೆ ಅದನ್ನೂ ಚೀಟಿಯಲ್ಲಿ ಬರೆಯಬೇಕು. ಕೆಲವರಿಗೆ ಅವು ಒಗ್ಗುವುದಿಲ್ಲ.

ವಾರದ ವೇಳಾಪಟ್ಟಿ

ಗುರುವಾರ ಗೊಜ್ಜು, ಶುಕ್ರವಾರ ಸಿಹಿ, ಶನಿವಾರ ಸಂಜೆ ಬಫಾತ್, ಪತ್ರೊಡೆ ಅಥವಾ ಸನ್ನ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ ಅನ್ನ ಮಾಡಲು ಅಥವಾ ಬಿಸಿ ಮಾಡಲು. ಒಂದು ಮನೆ ಇವುಗಳಲ್ಲಿ ಒಂದನ್ನು ಮಾಡಿದರೆ ಸಾಕು. ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಾದರೂ ಜೀಪಿನಲ್ಲಾದರೂ ಅಲುಗದಂತೆ ಹಿಡಿದು, ಗಂಟೆ ಬಾರಿಸುವ ಮುನ್ನ ಚರ್ಚಿನ ಸಭಾಭವನದ ಮೇಜಿನ ಮೇಲಿಟ್ಟು ಮುಚ್ಚಿದರೆ ಅಡುಗೆಯ ಕೆಲಸ ಮುಗಿಯಿತು.

ಆಮೇಲೆ ಮಾಡಿದವರು ಎಲ್ಲರೊಂದಿಗೆ ಬೆಂಚಿನಲ್ಲಿ ಕುಳಿತು ಮೊದಲ ಗೀತೆಯಿಂದಲೇ ಹಾಡಬಹುದು. ಕೊನೆಯ ಪಂಕ್ತಿಯವರು ಬರುವವರೆಗೆ ಮೇಜಿನ ಮೇಲಿನ ಬುತ್ತಿ ಕಾಯುತ್ತದೆ.